ಬಿಡು ಅಂದದ್ದು ಯಾವುದನ್ನು?

ನಮ್ಮ ಕೆಲಸದಲ್ಲಿ ಕರೆಂಟನ್ನು ಯಾರೂ ಆನ್ ಮಾಡುವುದಿಲ್ಲ, ಬಿಡುತ್ತಾರೆ. ತೋಟಕ್ಕೆ ನೀರು ಬಿಟ್ಟ ಹಾಗೆ ಲೈನ್ ಬಿಡುತ್ತಾರೆ. ಕೆಳಗೆ ಮೇನ್ ಸ್ವಿಚ್ಚಿನ ಹತ್ತಿರ ನಿಂತವನು ‘ಬಿಡ್ಲಾ?’ ಅನ್ನುತ್ತಾನೆ, ಮೇಲೆ ಕೆಲಸದಲ್ಲಿರುವವನು ‘ಬಿಡು’ ಅನ್ನುತ್ತಾನೆ, ದೀಪ ಹತ್ತುತ್ತದೆ. ಇಪ್ಪತ್ತು ವರ್ಷದಿಂದ ಹೀಗೇ ಕೇಳಿದ್ದೇನೆ, ಹೀಗೇ ಹೇಳಿದ್ದೇನೆ. ಆದರೆ ಬೇಡ, ಇರಲಿ, ಹೋಗಲಿ ಅನ್ನುವುದಕ್ಕೂ ನಾವು ಬಿಡು ಅಂತಲೇ ಅನ್ನುತ್ತೇವೆ. ಕನ್ನಡ ಮಾತಾಡುವ ಮಗುವಿಗೂ ಇದು ಗೊತ್ತು. ಲೈಸೆನ್ಸ್ ಇಟ್ಟುಕೊಂಡು ಓಡಾಡುವ ನನಗೆ ಹೊಳೆಯಲಿಲ್ಲ. ಈ ಎರಡಕ್ಷರವನ್ನು ನಾನು ತಪ್ಪಾಗಿ ತೆಗೆದುಕೊಂಡದ್ದರಿಂದ ಒಬ್ಬ ಮನುಷ್ಯನ ಬಲಗೈ ಸುಟ್ಟಿತು. ಸುಡಿಸಿದವನು ನಾನು. ಅದನ್ನು ಹೇಳಿಕೊಳ್ಳದೆ ಎಂಟು ತಿಂಗಳು ಕಳೆದೆ. ಆ ಎಂಟು ತಿಂಗಳಲ್ಲಿ ಇನ್ನೊಬ್ಬನ ಕೈಯೂ ಸುಡಬಹುದಿತ್ತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಯಲಹಂಕದ ಹಳೇ ಊರಿನವನು. ಮನೆಯ ಹಿಂದಿನ ಬೀದಿಯಲ್ಲಿ ಈಗಲೂ ಹಸು ಕಟ್ಟುತ್ತಾರೆ, ಮುಂದಿನ ರಸ್ತೆಯಲ್ಲಿ ಹದಿನಾಲ್ಕು ಮಹಡಿ ಎದ್ದು ನಿಂತಿದೆ. ಅಂಥ ಮಹಡಿಗಳು ಏಳುತ್ತಿರುವುದರಿಂದಲೇ ನಮ್ಮ ಒಂಬತ್ತು ಜನರ ತಂಡಕ್ಕೆ ಕೆಲಸ. ಐಟಿಐ ಮುಗಿಸಿ ಬಂದಾಗ ನನಗೆ ಪುಸ್ತಕದಲ್ಲಿ ಇದ್ದದ್ದಷ್ಟೇ ಗೊತ್ತಿತ್ತು. ತಂತಿ ಹಿಡಿಯುವುದನ್ನು ಕಲಿಸಿದವನು ಅಣ್ಣ. ಒಡಹುಟ್ಟಿದವನಲ್ಲ. ರಾಜಾನುಕುಂಟೆಯ ಕಡೆಯವನು, ನನಗಿಂತ ಎಂಟು ವರ್ಷಕ್ಕೆ ದೊಡ್ಡವನು. ತಂಡದ ಮಿಕ್ಕವರಿಗೆಲ್ಲ ಅವನು ದೊಡ್ಡಣ್ಣ. ಗುತ್ತಿಗೆ, ಲೈಸೆನ್ಸ್, ಸಹಿ ನನ್ನ ಹೆಸರಿನಲ್ಲಿ ಇದ್ದರೂ ಕೆಲಸದ ವಿಷಯದಲ್ಲಿ ಅವನ ಮಾತೇ ಕೊನೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಅವನು ಏನೂ ಆಗಿಲ್ಲವೆನ್ನುವ ಹಾಗೆ ಬೀಡಿ ಹಚ್ಚುವ ಪೈಕಿ.

ಎಲೆಕ್ಟ್ರಿಷಿಯನ್ ಅಂದರೆ ಶಾಕ್ ಹೊಡೆಸಿಕೊಳ್ಳುವವನು ಅಂತ ಜನ ತಿಳಿದಿದ್ದಾರೆ. ನಾನು ಕಂಡಂತೆ ನಮ್ಮವರು ಹೆಚ್ಚು ಬಿದ್ದದ್ದು ಏಣಿಯಿಂದ. ಶಾಕ್ ಸಣ್ಣದೇ ಇರುತ್ತದೆ, ಮನೆಯಲ್ಲಿ ನೆಲದ ಮೇಲೆ ನಿಂತು ಹೊಡೆಸಿಕೊಂಡಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಅದೇ ಶಾಕ್ ಹತ್ತಡಿ ಮೇಲೆ ಹೊಡೆದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದೆ, ಕೈಯ ಹಿಂದೆ ಮೈ ಬರುತ್ತದೆ. ಅದಕ್ಕೇ ಅಣ್ಣ ಅಲ್ಯೂಮಿನಿಯಂ ಏಣಿಯನ್ನು ಕಂಡರೆ ಉರಿದು ಬೀಳುತ್ತಿದ್ದ, ಫೈಬರ್ ಏಣಿಯೇ ಬೇಕು, ಕೆಳಗೆ ಒಬ್ಬ ಹಿಡಿದು ನಿಂತಿರಲೇಬೇಕು. ಗೋಡೆ ಕೊರೆಯುವ ಮಿಷಿನ್ ಹಿಡಿದವನ ಕಣ್ಣಿಗೆ ಚೂರು ಸಿಡಿದದ್ದನ್ನು ಎರಡು ಸಲ ನೋಡಿದ್ದೇನೆ. ಎರಡು ಸಲವೂ ಕನ್ನಡಕ ಇತ್ತು, ಹಣೆಯ ಮೇಲೆ. ದಪ್ಪ ಕೇಬಲ್ ಎಳೆದು ಸೊಂಟ ಹಿಡಿದವರು, ಬೆರಳಿನ ಉಂಗುರ ಎರಡು ಟರ್ಮಿನಲ್‌ಗಳ ನಡುವೆ ತಗುಲಿ ಚರ್ಮ ಕಿತ್ತುಬಂದವರು, ಇವರೆಲ್ಲ ನಮ್ಮ ನಡುವೆ ಸಾಮಾನ್ಯ. ಕೈಗೆ ಸ್ಟೀಲಿನ ಕಡಗ ಹಾಕಿಕೊಂಡು ಕೆಲಸಕ್ಕೆ ಬಂದವನನ್ನು ಅಣ್ಣ ಗೇಟಿನಿಂದಲೇ ವಾಪಸ್ಸು ಕಳಿಸುತ್ತಿದ್ದ.

ಟೆಸ್ಟರಿನ ವಿಷಯದಲ್ಲಿ ಅವನು ಹೇಳಿಕೊಟ್ಟದ್ದು ನನಗೆ ಇವತ್ತಿಗೂ ಬಾಯಿಪಾಠ. ಟೆಸ್ಟರ್ ಉರಿಯಲಿಲ್ಲ ಅಂದರೆ ಕರೆಂಟ್ ಇಲ್ಲ ಅಂತ ಅರ್ಥವಲ್ಲ, ಟೆಸ್ಟರೇ ಕೆಟ್ಟಿರಬಹುದು. ಮೊದಲು ಲೈನ್ ಇರುವ ಕಡೆ ಇಟ್ಟು ಉರಿಯುತ್ತದೆಯೋ ನೋಡು, ಆಮೇಲೆ ಕೆಲಸದ ಜಾಗದಲ್ಲಿ ಇಡು, ಆಮೇಲೆ ಮತ್ತೆ ಲೈನ್ ಇರುವ ಕಡೆಯೇ ಇಟ್ಟು ನೋಡು. ಬೆರಳಿನ ಹಿಂಬದಿ ಮುಟ್ಟಿಸಿ ಕರೆಂಟ್ ಇದೆಯೋ ಇಲ್ಲವೋ ಹೇಳುತ್ತೇನೆ ಅಂತ ಜಂಬ ಕೊಚ್ಚುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಂಥವನೊಬ್ಬ ತಂಡಕ್ಕೆ ಸೇರಿದ ದಿನ ಅಣ್ಣ ಅವನನ್ನು ಕೂರಿಸಿಕೊಂಡು, “ನಿನ್ ಬೆರಳು ಸರ್ಕಾರ್ದ ಆಸ್ತಿ ಅಲ್ಲ ಕಣಪ್ಪ, ನಿನ್ ಎಂಡ್ತಿ ಮಕ್ಳುದ್ದು” ಅಂದಿದ್ದ. ಅವನ ಕಡೆಯವರು ಹ-ಕಾರವನ್ನು ಹಾಗೆಯೇ ನುಂಗಿಬಿಡುತ್ತಾರೆ. ನಾವು ಅದನ್ನು ಆಡಿಕೊಂಡು ನಗುತ್ತಿದ್ದೆವು.

ಇಷ್ಟೆಲ್ಲ ಗೊತ್ತಿದ್ದವರಿಗೆ ಗೊತ್ತಿಲ್ಲದೇ ಇದ್ದದ್ದು ಒಂದೇ, ಬಾಯಿಮಾತನ್ನು ನಂಬಬಾರದು ಅನ್ನುವುದು.

ಅವತ್ತು ತಣಿಸಂದ್ರದ ಹತ್ತಿರ ಒಂಬತ್ತು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಕೆಲಸ. ಜನ ಬಂದು ಸೇರಿಕೊಂಡಿದ್ದ ಕಟ್ಟಡ. ಆರನೇ ಮಹಡಿಯ ಪ್ಯಾನೆಲ್‌ನಿಂದ ಸುಟ್ಟ ವಾಸನೆ ಬರುತ್ತಿದೆ ಅಂತ ದೂರು. ಒಳಗಿನ ಜೋಡಣೆ ಸಡಿಲವಾಗಿ ಬಿಸಿಯಾಗುತ್ತಿತ್ತು. ಎರಡರಿಂದ ನಾಲ್ಕರವರೆಗೆ ಇಡೀ ಕಟ್ಟಡದ ಕರೆಂಟ್ ತೆಗೆಯುವುದು, ಅಷ್ಟರಲ್ಲಿ ಮುಗಿಸುವುದು ಅಂತ ಮಾತಾಗಿತ್ತು. ನಾನು ಬೇಸ್‌ಮೆಂಟಿನಲ್ಲಿ ಮೇನ್ ಸ್ವಿಚ್ಚಿನ ಪಕ್ಕ, ಅಣ್ಣ ಆರನೇ ಮಹಡಿಯಲ್ಲಿ. ಅವನು ಮಾಡಬೇಕಾದದ್ದನ್ನೆಲ್ಲ ಮಾಡಿದ್ದ. ಟೆಸ್ಟರ್ ಇಟ್ಟು ನೋಡಿದ್ದ, ಉಂಗುರ ತೆಗೆದಿದ್ದ, ಗಡಿಯಾರ ತೆಗೆದು ನನ್ನ ಜೇಬಿಗೆ ಹಾಕಿದ್ದ.

ನಾಲ್ಕು ಗಂಟೆಗೆ ಅಸೋಸಿಯೇಷನ್ನಿನ ಸೆಕ್ರೆಟರಿ ಕೆಳಗೆ ಬಂದರು. ರಿಟೈರ್ ಆದ ಮನುಷ್ಯರು, ಮಾತು ಮೆತ್ತಗೆ, ಆದರೆ ಗಡಿಯಾರ ನೋಡುವುದನ್ನು ನಿಲ್ಲಿಸಲಿಲ್ಲ. “ನಾಲ್ಕು ಗಂಟೆ ಅಂದಿದ್ರಿ. ಲಿಫ್ಟ್ ಇಲ್ದೆ ವಯಸ್ಸಾದೋರು ಮೆಟ್ಲ ಮೇಲೆ ಕೂತ್ಬಿಟ್ಟಿದಾರೆ ಕಣ್ರೀ” ಅಂದರು. ಐದು ನಿಮಿಷ ಕಳೆಯಿತು. ಇನ್ನೊಂದು ಸಲ ಅಂದರು. ನನ್ನ ತಲೆ ಬಿಸಿಯಾಯಿತು. ಅಣ್ಣನಿಗೆ ಫೋನ್ ಮಾಡಿದೆ.

ಸ್ವಲ್ಪ ಹೊತ್ತಿನ ಹಿಂದೆ ಅವನು ಒಂದು ಲಗ್ ಹಳೆಯದಾಗಿದೆ ಅಂದಿದ್ದ. ಲಗ್ ಅಂದರೆ ಕೇಬಲ್ಲಿನ ತುದಿಗೆ ಒತ್ತಿ ಕೂರಿಸುವ ತಾಮ್ರದ ತುಂಡು. ನನ್ನ ಚೀಲದಲ್ಲಿ ಹೊಸದಿತ್ತು. ನಾನು ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ ಕೇಳಿದೆ.

“ಅಣ್ಣಾ, ಹೊಸ ಲಗ್ ಕಳಿಸ್ಲಾ, ಇಲ್ಲಾ ಮುಗೀತಾ, ಲೈನ್ ಬಿಡ್ಲಾ?”

“ಬಿಡು ಬಿಡು” ಅಂದ ಅಣ್ಣ.

ಫೋನು ಕಿವಿಯಿಂದ ತೆಗೆದೆ. ಸೆಕ್ರೆಟರಿಯವರಿಗೆ ಆಯ್ತು ಸಾರ್ ಅಂದೆ. ಎರಡು ಗಂಟೆಗೆ ಆಫ್ ಮಾಡಿದ್ದ ಜನರೇಟರನ್ನು ಮತ್ತೆ ಆಟೋಗೆ ಹಾಕಿ ಹ್ಯಾಂಡಲ್ ಮೇಲಕ್ಕೆತ್ತಿದೆ.

ಎತ್ತಿದ ಹ್ಯಾಂಡಲ್ ಟ್ರಿಪ್ ಆಗಿ ಧಡ್ ಅಂತ ಕೆಳಗೆ ಬಿತ್ತು. ಅದರ ಬೆನ್ನಿಗೇ ಹೊರಗಿನ ಜನರೇಟರ್ ಗುರ್ ಅಂತ ತಾನಾಗಿ ಶುರುವಾಯಿತು. ನಾನು ಅದನ್ನು ಆಫ್ ಮಾಡಿ ಮೆಟ್ಟಿಲು ಹತ್ತಿದೆ. ಆರು ಮಹಡಿ ಹೇಗೆ ಹತ್ತಿದೆನೋ ನೆನಪಿಲ್ಲ. ಅಣ್ಣ ಗೋಡೆಗೊರಗಿ ಕೂತಿದ್ದ, ಬಲಗೈಯನ್ನು ಮುಂದಕ್ಕೆ ಚಾಚಿಕೊಂಡು. ಅವನ ಸ್ಪ್ಯಾನರ್ ತಾಮ್ರದ ಪಟ್ಟಿಯ ಮೇಲೆ ಇದ್ದಾಗಲೇ ನಾನು ಲೈನ್ ಬಿಟ್ಟಿದ್ದೆ. ಬೆಂಕಿ ಎದ್ದು ಕೈ, ಮೊಣಕೈವರೆಗೆ, ಹುಬ್ಬಿನ ಕೂದಲು ಎಲ್ಲ ಸುಟ್ಟಿತ್ತು. “ನೀರು” ಅಂದ, ಅಷ್ಟೆ.

ಪಕ್ಕದ ಮನೆಯ ಹೆಂಗಸು ಟೂತ್‌ಪೇಸ್ಟ್ ಹಿಡಿದು ಓಡಿಬಂದರು. “ಪೇಸ್ಟ್ ಹಚ್ಬೇಡಿ ಕಣ್ರೀ, ನಿಮ್ಮನೆ ನಲ್ಲಿ ಎಲ್ಲಿದೆ ತೋರ್ಸಿ” ಅಂತ ನಾನು ರೇಗಿದೆ. ಪಾಪ, ಅವರದೇನು ತಪ್ಪು. ತೊಟ್ಟಿಯ ನೀರು ನಲ್ಲಿಯಲ್ಲಿ ಬರುತ್ತಿತ್ತು. ಇಪ್ಪತ್ತು ನಿಮಿಷ ಅವನ ಕೈಯನ್ನು ಅದರ ಕೆಳಗೆ ಹಿಡಿದೆ. ಪೇಸ್ಟು, ಬೆಣ್ಣೆ, ಐಸು ಯಾವುದೂ ಬೇಡ, ಹರಿಯುವ ತಣ್ಣೀರು, ಆಮೇಲೆ ಮೇಲೊಂದು ಶುಭ್ರವಾದ ಬಟ್ಟೆ, ಆಮೇಲೆ ಆಸ್ಪತ್ರೆ. ಇದನ್ನೂ ನನಗೆ ಅವನೇ ಹೇಳಿಕೊಟ್ಟಿದ್ದ.

ಸೆಕ್ರೆಟರಿಯವರು ತಮ್ಮ ಕಾರು ತೆಗೆದರು. ಹೆಬ್ಬಾಳದ ಫ್ಲೈಓವರ್ ಮೇಲೆ ಎಂದಿನಂತೆ ಗಾಡಿಗಳು ಸಾಲಾಗಿ ನಿಂತಿದ್ದವು. ಅಣ್ಣ ಹಲ್ಲು ಕಚ್ಚಿಕೊಂಡು ಕೂತಿದ್ದ. ಹೇಗಾಯಿತು ಅಂತ ಅವರು ಕೇಳಿದಾಗ ಅವನು ನನ್ನ ಮುಖ ಒಂದು ಸಲ ನೋಡಿದ. “ಜನರೇಟರ್ ಬಂದ್ಬಿಡ್ತು ಸಾರ್. ತಾನಾಗೇ” ಅಂದ. ನಾನು ತುಟಿ ಪಿಟಕ್ ಅನ್ನಲಿಲ್ಲ. ಕಾರಿನಿಂದ ಇಳಿಯುವಷ್ಟರಲ್ಲಿ ಅದೇ ನಿಜವಾಗಿಬಿಟ್ಟಿತ್ತು. ತಂಡದವರಿಗೂ ಅದೇ ಸುದ್ದಿ ಹೋಯಿತು, ಅತ್ತಿಗೆಗೂ ಅದೇ ಹೋಯಿತು.

ಅತ್ತಿಗೆ ಅಂದರೆ ಅಣ್ಣನ ಹೆಂಡತಿ. ರಾಜಾನುಕುಂಟೆಯ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷಿನ್ ಇಟ್ಟುಕೊಂಡು ಊರಿಗೆಲ್ಲ ರವಿಕೆ ಹೊಲಿಯುತ್ತಾರೆ. ಮಾತು ಕತ್ತರಿಯ ಹಾಗೆ. ಆಸ್ಪತ್ರೆಗೆ ದಿನಾ ಮುದ್ದೆ, ಸೊಪ್ಪಿನ ಸಾರು ತರುತ್ತಿದ್ದರು, ಗಂಡನಿಗೆ ತಿನ್ನಿಸಿ ಉಳಿದದ್ದನ್ನು ನನ್ನ ಮುಂದಿಡುತ್ತಿದ್ದರು. “ನೀನ್ ಸರಿಯಾದ್ ಟೈಮ್ಗೆ ನೀರ್ ಉಯ್ದಿದ್ಕೆ ಕೈ ಉಳೀತಂತೆ, ಡಾಕ್ಟ್ರು ಏಳುದ್ರು. ಉಣ್ಣು” ಅನ್ನುತ್ತಿದ್ದರು. ನಾನು ತಿನ್ನುತ್ತಿದ್ದೆ, ನಾಚಿಕೆಗೆಟ್ಟವನು.

ಮೂರನೆಯ ವಾರ, ಅತ್ತಿಗೆ ಔಷಧ ತರಲು ಹೋಗಿದ್ದಾಗ, ಅಣ್ಣ ಕೇಳಿದ. “ಯಾಕೋ ಲೈನ್ ಆಕ್ದೆ?”

“ನೀನು ಬಿಡು ಬಿಡು ಅಂದೆ ಅಣ್ಣ. ಅಷ್ಟರಲ್ಲಿ ಸಿಗ್ನಲ್ ಕಟ್ ಆಯ್ತು” ಅಂದೆ.

ಅವನು ಸೂರು ನೋಡಿಕೊಂಡು ಮಲಗಿದ್ದ. “ನಾನ್ ಅಂದಿದ್ದು ಲಗ್ಗು” ಅಂದ. ಆಮೇಲೆ, “ಬೇಸ್‌ಮೆಂಟಲ್ಲಿ ಸಿಗ್ನಲ್ ಎಲ್ ಬತ್ತದೆ. ಓಗ್ಲಿ. ಇದು ನಮ್ಮಿಬ್ರಲ್ಲೇ ಇರ್ಲಿ. ಒರಗ್ ಗೊತ್ತಾದ್ರೆ ನಿನ್ ಲೈಸೆನ್ಸು ಓಗ್ತದೆ, ತಂಡ ಒಡೀತದೆ, ಎಲ್ರೂ ಮನೇಲ್ ಕೂತ್ಕೋಬೇಕು” ಅಂದ. ನಾನು ತಲೆಯಾಡಿಸಿದೆ. ಅವನಿಗೆ ಕಿರುಬೆರಳು, ಉಂಗುರದ ಬೆರಳು ಎರಡೂ ಪೂರ್ತಿ ಮಡಿಸಲು ಬರುವುದಿಲ್ಲ ಅಂತ ಡಾಕ್ಟರು ಅದೇ ವಾರ ಹೇಳಿದರು.

ಅವತ್ತೇ ತೀರ್ಮಾನ ಮಾಡಿದೆ. ಹೇಳಿಕೊಳ್ಳದಿದ್ದರೂ ಸರಿ, ನನ್ನ ತಂಡದಲ್ಲಿ ಇನ್ನೊಬ್ಬನ ಕೈ ಹೀಗೆ ಸುಡಬಾರದು. ಒಂಬತ್ತು ಕೆಂಪು ಬೀಗ ತಂದೆ, ಒಂದೊಂದರ ಮೇಲೂ ಒಂದೊಂದು ನಂಬರ್ ಬರೆದೆ. ಮೇನ್ ಸ್ವಿಚ್ ಆಫ್ ಮಾಡಿದ ಮೇಲೆ ಕೆಲಸಕ್ಕೆ ಕೈ ಹಾಕುವ ಪ್ರತಿಯೊಬ್ಬನೂ ಅದರ ಹ್ಯಾಂಡಲ್ಲಿಗೆ ತನ್ನ ಬೀಗ ಹಾಕಬೇಕು. ಬೀಗದ ಕೀ ಅವನ ಜೇಬಿನಲ್ಲೇ ಇರಬೇಕು. ಕೆಲಸ ಮುಗಿದ ಮೇಲೆ ಅವನೇ ಇಳಿದು ಬಂದು, ಅವನೇ ಬೀಗ ತೆಗೆಯಬೇಕು. ಕೊನೆಯ ಬೀಗ ಇರುವ ತನಕ ದೇವರೇ ಬಂದು ಕೇಳಿದರೂ ಕರೆಂಟ್ ಇಲ್ಲ. ಫೋನಿನಲ್ಲಿ ಕೇಳುವುದು, ಕೂಗಿ ಹೇಳುವುದು, ಕೈ ಬೀಸುವುದು ಎಲ್ಲ ಬಂದ್. ಸೈಟಿನಲ್ಲಿ ಬಿಡು ಅನ್ನುವ ಮಾತು ಯಾರ ಬಾಯಲ್ಲೂ ಬರಬಾರದು ಅಂತಲೂ ಹೇಳಿದೆ.

ಹುಡುಗರು ಸುಮ್ಮನಿರುತ್ತಾರೆಯೇ? ಎಲ್ಲರೂ ಮದುವೆಯಾಗಿ ಮಕ್ಕಳಿರುವವರು, ಆದರೂ ನಾವು ಹುಡುಗರು ಅಂತಲೇ ಕರೆದುಕೊಳ್ಳುವುದು. “ಗುರು, ಟೀ ತಂದಿದೀನಿ, ಲೋಟಕ್ಕೆ ಬಿ... ಅಯ್ಯೋ, ಆ ಮಾತು ಆಡಂಗಿಲ್ವಲ್ಲ” ಅನ್ನುತ್ತಿದ್ದರು. ಹೊಸ ಬಿಲ್ಡರುಗಳು ತಲೆ ತಿನ್ನುತ್ತಿದ್ದರು, ಪಕ್ಕದ ತಂಡದವರು ಅರ್ಧ ದಿನದಲ್ಲಿ ಮುಗಿಸುವುದಕ್ಕೆ ನಿಮಗೆ ಯಾಕೆ ಇಡೀ ದಿನ ಬೇಕು ಅಂತ. ಬೇಕು ಅಂದೆ. ಒಬ್ಬರು ಕೆಲಸ ವಾಪಸ್ಸು ತೆಗೆದುಕೊಂಡರು, ತೆಗೆದುಕೊಳ್ಳಲಿ ಅಂದೆ. ಏಣಿ ಹಿಡಿಯದೆ ನಿಂತವನಿಗೆ ಬೈದೆ, ಕನ್ನಡಕ ಹಣೆಗೇರಿಸಿದವನಿಗೆ ಬೈದೆ. ಬೈಯುವುದರಲ್ಲಿ ನನಗೆ ಕಷ್ಟವೇ ಇರಲಿಲ್ಲ. ಬೈದಷ್ಟೂ ನನ್ನ ಹೊಟ್ಟೆಯೊಳಗಿನದು ಹಗುರವಾಗುತ್ತದೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ.

ಆರನೆಯ ತಿಂಗಳಿಗೆ ಅಣ್ಣ ಕೆಲಸಕ್ಕೆ ಬಂದ. ಸ್ಪ್ಯಾನರ್ ಹಿಡಿಯಲು ಬಲವಿಲ್ಲ. ಮೀಟರ್ ಹಿಡಿದು ಟೆಸ್ಟ್ ಮಾಡುವುದು, ನಕ್ಷೆ ನೋಡಿ ಎಲ್ಲಿಗೆ ಯಾವ ವೈರು ಅಂತ ಹೇಳುವುದು ಅವನ ಕೆಲಸವಾಯಿತು. ಶರ್ಟಿನ ಗುಂಡಿಯನ್ನು ಎಡಗೈಯಲ್ಲಿ ಹಾಕಿಕೊಳ್ಳುವುದನ್ನು ಕಲಿಯುತ್ತಿದ್ದ. ಯಾರಾದರೂ ಸಹಾಯಕ್ಕೆ ಹೋದರೆ, “ಓಗಯ್ಯ, ನಾನೇನ್ ಮದ್ಲಿಂಗನಾ?” ಅಂತ ನಗುತ್ತಿದ್ದ. ನಾನು ನಗುತ್ತಿರಲಿಲ್ಲ.

ಎರಡು ತಿಂಗಳ ಮೇಲೆ ರಾಜಾನುಕುಂಟೆಯಲ್ಲೇ ಒಂದು ಕೆಲಸ ಸಿಕ್ಕಿತು. ರಾಗಿ ಬೆಳೆಯುತ್ತಿದ್ದ ತಮ್ಮ ಹೊಲದಲ್ಲೇ ಒಂದು ಒಕ್ಕಲು ಮನೆತನದವರು ನಾಲ್ಕು ಮಹಡಿ ಕಟ್ಟಿಸುತ್ತಿದ್ದರು. ಒಂದು ಶನಿವಾರ ನಾನು ಸಾಮಾನು ತರಲು ಯಲಹಂಕಕ್ಕೆ ಹೋಗಿ ಮಧ್ಯಾಹ್ನ ವಾಪಸ್ಸು ಬಂದೆ. ಬೆಳಿಗ್ಗೆ ಹೊರಟಾಗ ಹ್ಯಾಂಡಲ್ಲಿಗೆ ನಾಲ್ಕು ಕೆಂಪು ಬೀಗ ಹಾಕಿದ್ದರು, ನೋಡಲು ಲಕ್ಷಣವಾಗಿತ್ತು. ಈಗ ಪ್ಯಾನೆಲ್ ಇದ್ದ ಕೋಣೆಗೆ ಹೋಗಿ ನೋಡಿದರೆ ಪಕ್ಕದ ಗೋಡೆಗೆ ಒಂದು ಮೊಳೆ. ಆ ಮೊಳೆಗೆ ನಾಲ್ಕೂ ಬೀಗದ ಕೀಗಳನ್ನು ವೈರಿನ ತುಂಡಿಗೆ ಪೋಣಿಸಿ ನೇತುಹಾಕಿದ್ದರು. ಜೇಬಿನಲ್ಲಿದ್ದರೆ ಕಳೆದುಹೋಗುತ್ತವಂತೆ.

ಆ ಗೊಂಚಲು ಆಗಲೇ ಒಬ್ಬನ ಕೈಯಲ್ಲಿತ್ತು. ನಮ್ಮವನೇ, ಗೋಡೆ ಕೊರೆಯುವ ಕೆಲಸದವನು. ಮಿಷಿನ್‌ಗೆ ಕರೆಂಟ್ ಬೇಕಾಗಿತ್ತು, ಎಲ್ಲರೂ ಊಟಕ್ಕೆ ಹೋಗಿದ್ದಾರೆ ಅಂದುಕೊಂಡು ಬಂದಿದ್ದ. ಮೂರು ಬೀಗ ತೆಗೆದಾಗಿತ್ತು. ನಾಲ್ಕನೆಯದಕ್ಕೆ ಕೀ ಹಾಕುತ್ತಿದ್ದ. ನಾನು ಅವನ ಮಣಿಕಟ್ಟು ಹಿಡಿದೆ. ಮೇಲಿನಿಂದ ಆಗಲೇ ಸ್ಕ್ರೂ ತಿರುಗಿಸುವ ಸದ್ದು ಬರುತ್ತಿತ್ತು. ಒಬ್ಬ ಊಟಕ್ಕೆ ಹೋಗಿರಲಿಲ್ಲ. ಅವನ ಎರಡೂ ಕೈ ಗೋಡೆಯ ವೈರಿಂಗ್ ಡಬ್ಬಿಯೊಳಗಿದ್ದವು.

ಆಮೇಲೆ ನಾನು ಕೂಗಾಡಿದ್ದು ಆ ಲೇಔಟಿನ ಕೊನೆಯ ಸೈಟಿನವರೆಗೂ ಕೇಳಿಸಿರಬೇಕು. ಕೀಗಳನ್ನು ಕಿತ್ತುಕೊಂಡೆ, ಕಟಿಂಗ್ ಪ್ಲೇಯರ್ ತಂದು ಮೊಳೆಯನ್ನೇ ಕಿತ್ತೆಸೆದೆ. ಅವನು ಬೈಗುಳವನ್ನೆಲ್ಲ ತಲೆ ತಗ್ಗಿಸಿ ಕೇಳಿದ. ನಾನು ಉಸಿರೆಳೆದುಕೊಳ್ಳಲು ನಿಲ್ಲಿಸಿದಾಗ ತಲೆಯೆತ್ತಿ, “ಗುರು, ಬೇಜಾರ್ ಮಾಡ್ಕೋಬೇಡ. ಆವತ್ತು ಈ ಬೀಗ ಇದ್ದಿದ್ರೂ ಏನಾಗ್ತಿತ್ತು? ದೊಡ್ಡಣ್ಣಂಗೆ ಹೊಡ್ದಿದ್ದು ಜನರೇಟರ್ ತಾನೇ? ಇಲ್ಲಿ ಜನರೇಟರೇ ಇಲ್ವಲ್ಲ. ನೀನ್ಯಾಕೆ ಬೀಗ ಬೀಗ ಅಂತ ಜೀವ ತಿಂತೀಯ?” ಅಂದ.

ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ, ಅವನಿಗೆ ಗೊತ್ತಿದ್ದದ್ದು ಅಷ್ಟೇ. ಕಾರಣ ಮುಚ್ಚಿಟ್ಟು ಕಟ್ಟುಪಾಡು ಮಾತ್ರ ಕೊಟ್ಟಿದ್ದೆ. ಕಾರಣ ಇಲ್ಲದ ಕಟ್ಟುಪಾಡನ್ನು ಅವರು ಮೊಳೆಗೆ ನೇತುಹಾಕಿದ್ದರು. ಇವತ್ತು ಇವನು ಸಿಕ್ಕಿಬಿದ್ದ. ನಾನು ಒಂದು ನಿಮಿಷ ತಡವಾಗಿ ಬಂದಿದ್ದರೆ ಮೇಲಿದ್ದವನ ಮನೆಗೆ ನಾನೇ ಹೋಗಿ ಇನ್ನೊಂದು ಸುಳ್ಳು ಹೇಳಬೇಕಾಗುತ್ತಿತ್ತು. ಸೋಮವಾರ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿಕೊಂಡು ನಿಜ ಹೇಳುವುದು ಅಂತ ಅಲ್ಲೇ ತೀರ್ಮಾನ ಮಾಡಿದೆ. ಲೈಸೆನ್ಸ್ ಹೋದರೆ ಹೋಗಲಿ.

ಸಂಜೆ ಟೀ ಅಂಗಡಿಯಲ್ಲಿ ಅಣ್ಣನಿಗೆ ಹೇಳಿದೆ.

“ಬಿಡೋ ಅತ್ಲಾಗೆ” ಅಂದ ಅವನು.

“ಯಾವುದನ್ನ ಬಿಡ್ಲಿ ಅಣ್ಣ? ಸರಿಯಾಗಿ ಹೇಳು.”

ಅವನು ನಗಲು ಹೋದ, ಆಗಲಿಲ್ಲ. ಟೀ ಲೋಟವನ್ನು ಎಡಗೈಯಿಂದ ಕೆಳಗಿಟ್ಟ. “ಇಷ್ಟ್ ದಿನ ಮುಚ್ಚಿಟ್ಟಿದ್ದು ನಿಂಗೋಸ್ಕರ ಅಲ್ವೇನೋ” ಅಂದ.

“ಗೊತ್ತು ಅಣ್ಣ. ಇವತ್ತು ಮೇಲಿದ್ದ ಹುಡುಗನ ಕೈ ಹೋಗ್ತಿತ್ತು. ನಂಗೆ ಇನ್ನ ಆಗಲ್ಲ.”

“ಏಳೋದಾದ್ರೆ ಮೊದ್ಲು ನಿಮ್ ಅತ್ಗೆಗೆ ಏಳು. ಊರೋರ್ ಬಾಯಿಂದ ಅವ್ಳ್ ಕಿವಿಗೆ ಬೀಳ್ಬಾರ್ದು” ಅಂದ.

ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಅಣ್ಣ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಪೇಪರ್ ನೋಡುತ್ತಿದ್ದ, ಓದುತ್ತಿರಲಿಲ್ಲ. ಅತ್ತಿಗೆ ಮಿಷಿನ್ ತುಳಿಯುತ್ತಿದ್ದರು. ಬಾ, ಕೂತ್ಕೋ, ಕಾಫಿ ಇಡ್ತೀನಿ ಅಂದರು. ಬೇಡ ಅತ್ತಿಗೆ, ನಿಂತುಕೊಂಡೇ ಹೇಳುತ್ತೇನೆ ಅಂದೆ. ಹೇಳಿದೆ. ಜನರೇಟರ್ ಅಲ್ಲ, ನಾನು. ಲಗ್ ಬೇಕಾ, ಲೈನ್ ಬಿಡಲಾ ಅಂತ ಒಟ್ಟಿಗೆ ಕೇಳಿದೆ, ಅಣ್ಣ ಬಿಡು ಅಂದ, ಬೇಸ್‌ಮೆಂಟಿನಲ್ಲಿ ಸಿಗ್ನಲ್ ಸರಿಯಾಗಿ ಇರಲಿಲ್ಲ, ಮಿಕ್ಕದ್ದು ಕೇಳಿಸಲಿಲ್ಲ, ಹ್ಯಾಂಡಲ್ ಎತ್ತಿಬಿಟ್ಟೆ. ನಾಳೆ ತಂಡದವರಿಗೂ ಹೇಳುತ್ತೇನೆ ಅಂದೆ.

ಮಿಷಿನ್ನಿನ ಚಕ್ರವನ್ನು ಅತ್ತಿಗೆ ಅಂಗೈಯಿಂದ ತಡೆದು ನಿಲ್ಲಿಸಿದರು. ನನ್ನನ್ನೇ ನೋಡಿದರು. ಅಳುತ್ತಾರೆ ಅಂದುಕೊಂಡಿದ್ದೆ, ಬೈಯುತ್ತಾರೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

“ಕೇಳಿಸ್ಲಿಲ್ವಾ, ಕೇಳಿಸ್ಕೊಳ್ಲಿಲ್ವಾ?” ಅಂದರು.

ಕೇಳಿಸಲಿಲ್ಲ ಅತ್ತಿಗೆ ಅನ್ನಲು ಬಾಯಿ ತೆಗೆದೆ. ಎಂಟು ತಿಂಗಳಿನಿಂದ ಅದನ್ನೇ ಹೇಳಿಕೊಂಡು ಬಂದಿದ್ದೆ, ಅಣ್ಣನಿಗೆ, ನನಗೆ ನಾನೇ. ಅವರ ಮುಖ ನೋಡಿಕೊಂಡು ಅದು ಬರಲಿಲ್ಲ. ಫೋನನ್ನು ಕಿವಿಯಿಂದ ಕೆಳಗಿಳಿಸುತ್ತಿದ್ದಾಗ ಅದರೊಳಗೆ ಅಣ್ಣನ ದನಿ ಇನ್ನೂ ಮಾತಾಡುತ್ತಿತ್ತು. ಸಣ್ಣಗೆ, ಆದರೆ ಸ್ಪಷ್ಟವಾಗಿ. ಇರೋದ್ರಲ್ಲೇ ಮಾಡ್ತೀನಿ, ಇನ್ನೂ ಐದ್ ನಿಮಿಷ. ಸೆಕ್ರೆಟರಿಯವರು ಪಕ್ಕದಲ್ಲಿ ನಿಂತಿದ್ದರು, ಗಂಟೆ ನಾಲ್ಕು ಹತ್ತಾಗಿತ್ತು, ನನಗೆ ಬೇಕಾಗಿದ್ದ ಮಾತು ಸಿಕ್ಕಿತ್ತು. ಮಿಕ್ಕದ್ದು ನನಗೆ ಬೇಕಾಗಿರಲಿಲ್ಲ.

“ಕೇಳಿಸ್ತು ಅತ್ತಿಗೆ” ಅಂದೆ. “ಕೇಳಿಸ್ಕೊಳ್ಳಲಿಲ್ಲ.” ಅಣ್ಣ ಅಂದಿದ್ದ ಆ ಮಾತನ್ನೂ ಹೇಳಿದೆ.

ಬಾಗಿಲ ಹತ್ತಿರ ಪೇಪರ್ ಕೆಳಗೆ ಬಿದ್ದ ಸದ್ದಾಯಿತು. ಅಣ್ಣ ಎದ್ದು ಅಂಗಳಕ್ಕೆ ಹೋದ, ಚಪ್ಪಲಿ ಹಾಕಿಕೊಳ್ಳದೆ.

ಅತ್ತಿಗೆ ಸೂಜಿಗೆ ದಾರ ಪೋಣಿಸುತ್ತಾ ಹೇಳಿದರು. “ನಾಳೆ ಅವ್ರ ಮುಂದೆ ಸಿಗ್ನಲ್ ಅಂತ ಶುರು ಮಾಡ್ಬೇಡ. ಈಗ್ ಏಳುದ್ಯಲ್ಲ, ಅದನ್ನ ಏಳು.” ಕಾಫಿಯ ಮಾತು ಮತ್ತೆ ಬರಲಿಲ್ಲ. ನಾನು ಹೊರಗೆ ಬಂದಾಗ ಅಣ್ಣ ಅಂಗಳದಲ್ಲಿ ಇರಲಿಲ್ಲ.

ಸೋಮವಾರ ಅವನು ಕೆಲಸಕ್ಕೆ ಬರುತ್ತಾನೋ ಇಲ್ಲವೋ ಗೊತ್ತಿರಲಿಲ್ಲ. ಬಂದ. ನನಗೆ ಮುಖ ಕೊಡದೆ ಹೋಗಿ ಎಲ್ಲರ ಹಿಂದೆ ನಿಂತ. ಪ್ಯಾನೆಲ್ ಕೋಣೆಯ ಮುಂದೆ ಎಂಟು ಜನ ನಿಂತಿದ್ದರು. ಏನೋ ಬೈಗುಳ ಇರಬೇಕು ಅಂದುಕೊಂಡು ಒಬ್ಬ ಆಗಲೇ ಕಿಸಕ್ಕೆಂದು ನಗುತ್ತಿದ್ದ.

“ಜನರೇಟರ್ ಅಲ್ಲ” ಅಂದೆ. “ಲೈನ್ ಹಾಕಿದ್ದು ನಾನು. ಸಿಗ್ನಲ್ ಇತ್ತು. ಅಣ್ಣ ಐದು ನಿಮಿಷ ಅಂದಿದ್ದು ನಂಗೆ ಕೇಳಿಸ್ತು. ಕೇಳಿಸ್ಕೊಳ್ಳದೆ ಹಾಕ್ದೆ. ಪಕ್ಕದಲ್ಲಿ ಒಬ್ರು ಗಡಿಯಾರ ನೋಡ್ತಿದ್ರು, ಅಷ್ಟಕ್ಕೇ ಹಾಕ್ದೆ. ಅದೇ ಥರ ನಾಳೆ ನಿಮಗೂ ಯಾರಾದ್ರೂ ಹಾಕ್ತಾರೆ. ನಾನೇ ಹಾಕಬಹುದು. ನನ್ನ ನಂಬಿ ಕೈ ಇಡಬೇಡಿ. ನಿಮ್ಮ ಜೇಬಲ್ಲಿ ಇರೋ ಕೀ ನಂಬಿ. ನನ್ನ ಜೊತೆ ಕೆಲ್ಸ ಮಾಡಕ್ಕೆ ಇಷ್ಟ ಇಲ್ದೋರು ಇವತ್ತೇ ಹೋಗಬಹುದು, ಬೇಜಾರಿಲ್ಲ.”

ಯಾರೂ ಹೋಗಲಿಲ್ಲ. ಶನಿವಾರ ನನ್ನ ಕೈಗೆ ಸಿಕ್ಕಿಬಿದ್ದವನು ಹಿಂದಕ್ಕೆ ತಿರುಗಿ, “ದೊಡ್ಡಣ್ಣ, ನಿಂಗೆ ಗೊತ್ತಿತ್ತಾ?” ಅಂದ.

“ಅರ್ಧ ಗೊತ್ತಿತ್ತು” ಅಂದ ಅಣ್ಣ. “ಮಿಕ್ಕಿದ್ದು ನಿನ್ನೆ ಗೊತ್ತಾಯ್ತು.”

ಅವನು ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದ. ನನ್ನನ್ನು ನೋಡಲಿಲ್ಲ. ತನ್ನ ಬೀಗವನ್ನು ಹ್ಯಾಂಡಲ್ಲಿಗೆ ಹಾಕಿದ. ಮಡಿಸಲು ಬಾರದ ಬೆರಳುಗಳಿಂದ ಕೀ ತಿರುಗಿಸಲು ಸ್ವಲ್ಪ ಹೊತ್ತು ಹಿಡಿಯಿತು, ಯಾರೂ ಸಹಾಯಕ್ಕೆ ಹೋಗಲಿಲ್ಲ. ಕೀ ಎಳೆದು ಜೇಬಿಗೆ ಹಾಕಿಕೊಂಡ. ಆಮೇಲೆ ಬೀಗವನ್ನು ಎರಡು ಸಲ ಜಗ್ಗಿ ನೋಡಿದ, ನಾನು ನಿಂತಿರುವ ಹಾಗೆಯೇ, ನನ್ನ ಮುಂದೆಯೇ, ಮತ್ತೆ ಮೂರನೆಯ ಸಲವೂ ಜಗ್ಗಿ ನೋಡಿ ಮೇಲಕ್ಕೆ ಹೋದ.